ರಾತ್ರಿಗಿ ಏನ್ ಮಾಡ್ಲಿ?



ಸಂಜೆ ದೀಪ ಹಚ್ಚುವ ಹೊತ್ತಿಗೆ ನಿಮ್ಮ ಮನೆಯಲ್ಲಿಯೂ ಒಂದು ಪ್ರಶ್ನೆ ಏಳುತ್ತಿರಬೇಕು. ನಮ್ಮ ಮನೆಯಲ್ಲಿ ಅದು ಪುಣೆಯಿಂದ ಫೋನಿನಲ್ಲಿ ಬರುತ್ತದೆ. “ಅತ್ತಿ, ರಾತ್ರಿಗಿ ಏನ್ ಮಾಡ್ಲಿ?” ಎಂದು ಸೊಸೆ ಕೇಳುತ್ತಾಳೆ. ಫ್ರಿಜ್ಜಿನಲ್ಲಿ ಹೂಕೋಸು ಇದೆಯಂತೆ, ಬೆಂಡೆಕಾಯಿ ಇದೆಯಂತೆ. ಡಬ್ಬಿಗಳಲ್ಲಿ ಗೋಧಿಹಿಟ್ಟು, ಅಕ್ಕಿ, ರವೆ, ಅವಲಕ್ಕಿ ಎಲ್ಲ ಇವೆ. ಎಲ್ಲ ಇದ್ದೂ ತೋಚುವುದಿಲ್ಲ. ಕೆಲಸದಿಂದ ದಣಿದು ಬಂದ ಹುಡುಗಿ, ಅವಳನ್ನು ತಪ್ಪು ಎನ್ನಲಾರೆ. ಆದರೆ ಫೋನು ಇಟ್ಟ ಮೇಲೆ ನನಗೆ ನನ್ನ ಆಯಿ, ಎಂದರೆ ನಮ್ಮಪ್ಪನ ತಾಯಿ, ನೆನಪಾಗುತ್ತಾಳೆ. ಅಕ್ಕಲಕೋಟೆ ತಾಲೂಕಿನ ಒಂದು ಸಣ್ಣ ಊರಿನಲ್ಲಿ ಆಕೆ ಅರವತ್ತು ವರ್ಷ ಒಲೆಯ ಮುಂದೆ ಕೂತಳು. ಆಕೆಯ ಬಾಯಿಯಿಂದ ಈ ಪ್ರಶ್ನೆ ಬಂದದ್ದಿಲ್ಲ. ಆಕೆ ಕೇಳುತ್ತಿದ್ದುದು, “ರೊಟ್ಟಿ ಜೋಡಿ ಏನ್ ಮಾಡೂಣು?” ಎಂದು.

ಎರಡೂ ಒಂದೇ ಪ್ರಶ್ನೆಯಂತೆ ಕಂಡೀತು, ಒಂದೇ ಅಲ್ಲ. ರೊಟ್ಟಿ ಎಂಬುದು ಆಕೆಗೆ ಪ್ರಶ್ನೆಯೇ ಆಗಿರಲಿಲ್ಲ. ಅದು ಸೂರ್ಯ ಮುಳುಗಿದಷ್ಟೇ ಖಾತ್ರಿ. ಉಳಿದ ಆ ಸಣ್ಣ ಜಾಗದಲ್ಲಿ, ರೊಟ್ಟಿಯ ಮಗ್ಗುಲಲ್ಲಿ ಏನಿಡಬೇಕು ಎಂಬಲ್ಲಿ ಮಾತ್ರ ಆಕೆಯ ಅಧಿಕಾರ ನಡೆಯುತ್ತಿತ್ತು. ಆ ಖಾತ್ರಿ ಹೇಗೆ ಹುಟ್ಟಿತು, ಹೇಗೆ ಹೋಯಿತು ಎಂಬುದು ಸೊಲ್ಲಾಪುರ ಸೀಮೆಯ ಇತಿಹಾಸವೇ. ರಾಜರ ಇತಿಹಾಸವನ್ನು ನೀವು ಶಾಲೆಯಲ್ಲಿ ಓದಿದ್ದೀರಿ. ಇವತ್ತು ಒಲೆಯ ಕಡೆಯಿಂದ ಸ್ವಲ್ಪ ನೋಡೋಣ.

ಜೋಳ ನಮ್ಮ ಹುಟ್ಟುನೆಲದ ಬೆಳೆ ಎಂದೇ ನಾವು ತಿಳಿದವರು. ಆದರೆ ಅದರ ತವರು ಆಫ್ರಿಕಾ ಖಂಡ. ಅಲ್ಲಿ ಸುಡಾನಿನ ಸುತ್ತಲ ಬಯಲಿನಲ್ಲಿ ಸುಮಾರು 5000 ವರ್ಷಗಳ ಹಿಂದೆ ಜನ ಅದನ್ನು ಬಿತ್ತಿ ಬೆಳೆಯಲು ಕಲಿತರು. ಸುಮಾರು 4000 ವರ್ಷಗಳ ಹಿಂದೆ ಅದು ನಮ್ಮ ದೇಶಕ್ಕೆ ಬಂದಿತು. ಬಂದ ಸೊಸೆ ಮನೆಯ ಯಜಮಾನಿಯಾದಂತೆ ಸೊಲ್ಲಾಪುರ, ಅಕ್ಕಲಕೋಟೆ, ಮಂಗಳವೇಡೆ, ಜತ್ತದ ಎರಿ ನೆಲದಲ್ಲಿ ಅದು ನೆಲೆಯೂರಿತು. ಕಾರಣ ಮಳೆ. ವರ್ಷಕ್ಕೆ ಸರಾಸರಿ 550 ಮಿ.ಮೀ. ಆಸುಪಾಸು ಬೀಳುವ ಈ ಸೀಮೆಯಲ್ಲಿ ಮೃಗಶಿರದ ಮಳೆಯನ್ನು ನಂಬುವಂತಿಲ್ಲ. ನಂಬಬೇಕಾದದ್ದು ಉತ್ತರಿ ಮತ್ತು ಹಸ್ತದ ಮಳೆಯನ್ನು. ಆ ಮಳೆಗೆ ಬಿತ್ತಿದ ಹಿಂಗಾರಿ ಜೋಳ ಆಮೇಲೆ ಒಂದು ಹನಿ ಬೀಳದಿದ್ದರೂ ಎರಿಯ ಹೊಟ್ಟೆಯಲ್ಲಿನ ತೇವದ ಮೇಲೆಯೇ ಬೆಳೆದು ಫೆಬ್ರುವರಿ, ಮಾರ್ಚಿಗೆ ಕೈಗೆ ಬರುತ್ತದೆ. 1933ರಲ್ಲಿ ಸೊಲ್ಲಾಪುರದಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾದದ್ದು ಇದೇ ಕಾರಣಕ್ಕೆ. ಅದೇ ಮೂವತ್ತರ ದಶಕದಲ್ಲಿ ಹತ್ತಿರದ ಮೋಹೋಳದಲ್ಲಿ ರೈತರ ಮಾಲದಂಡಿ ಜೋಳದಿಂದ ಆಯ್ದು ತೆಗೆದ ‘ಮಾಲದಂಡಿ 35-1’ ಎಂಬ ತಳಿ ಇಂದಿಗೂ ಹಿಂಗಾರಿಯ ದೊರೆ. ಸೋಜಿಗದ ಮಾತೆಂದರೆ, ಆಮೇಲೆ ಎಷ್ಟೋ ಹೊಸ ತಳಿಗಳು ಬಂದವು, ರೊಟ್ಟಿಯ ರುಚಿಯಲ್ಲಿ ಅದನ್ನು ಮೀರಿಸಿದ್ದು ನಮ್ಮ ಬಾಯಿಗಂತೂ ಸಿಕ್ಕಿಲ್ಲ.

ರೊಟ್ಟಿ ಬಡಿಯುವವರಿಗೆ ಒಂದು ಸಂಗತಿ ಗೊತ್ತು, ತಿನ್ನುವವರಿಗೆ ಗೊತ್ತಿರುವುದಿಲ್ಲ. ಗೋಧಿಯಲ್ಲಿರುವ ಜಿಗುಟು ಜೋಳದಲ್ಲಿಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ಹಿಟ್ಟು ಕಲಸುವುದು. ಬಿಸಿಗೆ ಹಿಟ್ಟಿನೊಳಗಿನ ಪಿಷ್ಟ ಬೆಂದು ಜಿಗಿ ಬರುತ್ತದೆ. ಹಿಟ್ಟು ಹಳತಾದರೆ ಆ ಜಿಗಿ ಹೋಗುತ್ತದೆ, ಕಹಿ ಬರುತ್ತದೆ, ರೊಟ್ಟಿ ಬಡಿಯುವಾಗಲೇ ಹರಿಯುತ್ತದೆ. ಆದ್ದರಿಂದ ಜೋಳವನ್ನು ವರ್ಷಗಟ್ಟಲೆ ಇಡಬಹುದು, ಹಿಟ್ಟನ್ನು ಇಡಲಾಗದು. ಗಿರಣಿ ಬರುವ ಮೊದಲು ನಸುಕಿನಲ್ಲಿ ಎದ್ದು ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸು ಆ ದಿನದ ರಾತ್ರಿಯ ಊಟವನ್ನೂ ಅಷ್ಟೊತ್ತಿಗೇ ತೀರ್ಮಾನಿಸಿ ಬಿಡುತ್ತಿದ್ದಳು. ಮನೆಯಲ್ಲಿ ಎಷ್ಟು ಜನ, ತಲೆಗೆ ಎಷ್ಟು ರೊಟ್ಟಿ, ಹೊಲದಿಂದ ಬರುವ ಆಳು ಎಷ್ಟು. ಅಷ್ಟಕ್ಕೆ ಅಳತೆ ಮಾಡಿ ಬೀಸುವುದು. ಕಲ್ಲಿನ ಬಾಯಿಗೆ ಹಾಕಿದ ಹಿಡಿಯೇ ಲೆಕ್ಕ.

ಹಾಗಾದರೆ ಆ ಜೋಳ ಎಲ್ಲಿರುತ್ತಿತ್ತು? ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಈ ಮಾತು ಇನ್ನು ಹತ್ತು ವರ್ಷ ಕಳೆದರೆ ಹೇಳುವವರೂ ಇರಲಿಕ್ಕಿಲ್ಲ. ಜೋಳ ನೆಲದೊಳಗೆ ಇರುತ್ತಿತ್ತು, ಹಗೇವಿನಲ್ಲಿ. ಮರಾಠಿಯವರು ಪೇಂವ ಎನ್ನುತ್ತಾರೆ. ಗಟ್ಟಿ ಗರಸಿನ ನೆಲ ನೋಡಿ, ನೀರು ನಿಲ್ಲದ ಎತ್ತರದ ಜಾಗ ನೋಡಿ, ಕೊಡದ ಆಕಾರದಲ್ಲಿ ಅಗೆಯುವುದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು. ತಳಕ್ಕೂ ಸುತ್ತಲೂ ಒಣ ಸೊಪ್ಪೆ, ಹೊಟ್ಟು ಒತ್ತಿ, ನಡುವೆ ಜೋಳ ಸುರಿದು, ಬಾಯಿಗೆ ಹಾಸುಗಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿ ಬಿಡುವುದು. ಬೇವಿನೆಲೆ ಬೇಡ, ಔಷಧ ಬೇಡ. ಒಳಗಿನ ಕಾಳೇ ಉಸಿರಾಡಿ ಇದ್ದ ಗಾಳಿಯನ್ನು ಮುಗಿಸುತ್ತದೆ, ಗಾಳಿ ಇಲ್ಲದೆ ಹುಳ ಸಾಯುತ್ತದೆ. ಎರಡು ಮೂರು ವರ್ಷ ಜೋಳ ನಿಶ್ಚಿಂತೆಯಿಂದ ಮಲಗಿರುತ್ತಿತ್ತು.

ಅದೇ ಕಾರಣಕ್ಕೆ ಹಗೇವು ತೆಗೆಯುವುದು ಪ್ರಾಣದ ಕೆಲಸ. ಕಲ್ಲು ಸರಿಸಿದ ಕೂಡಲೇ ಯಾರೂ ಇಳಿಯಬಾರದು. ಬಾಯಿ ತೆರೆದು ಸಾಕಷ್ಟು ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ದೀಪ ಉರಿದರೆ ಮಾತ್ರ ಮನುಷ್ಯ. ದೀಪ ಆರಿದರೆ ಕಾಯುವುದು. ಹೀಗೆ ಕಾಯದೆ ಇಳಿದವರು ತಿರುಗಿ ಬರಲಿಲ್ಲ ಎಂಬ ಕತೆ ಹಗೇವು ಇದ್ದ ಊರಿಗೊಂದು ಇರುತ್ತಿತ್ತು. ಮತ್ತೊಂದು ಮಾತು. ಒಮ್ಮೆ ಗಾಳಿ ಹೊಕ್ಕರೆ ಒಳಗಿನ ಜೋಳ ಕೆಡತೊಡಗುವುದರಿಂದ ತೆಗೆದರೆ ಪೂರ್ತಿ ತೆಗೆಯಬೇಕು. ಒಬ್ಬರ ಮನೆಗೆ ಅಷ್ಟೊಂದು ಜೋಳ ಒಮ್ಮೆಗೇ ಏಕೆ? ಹಾಗಾಗಿ ಈ ತಿಂಗಳು ಇವರ ಹಗೇವು, ಮುಂದೆ ಅವರದು. ಪಾಯಲಿಯಲ್ಲಿ ಅಳೆದು ಓಣಿಯವರಿಗೆ ಕಡ ಕೊಟ್ಟು, ಅವರ ಹಗೇವು ತೆಗೆದಾಗ ಹಿಂದಕ್ಕೆ ಪಡೆಯುವುದು ನಮ್ಮ ಓಣಿಯ ರೂಢಿಯಾಗಿತ್ತು. ಗೋಡೆಗೆ ತಾಗಿದ ಕಾಳು ಬಣ್ಣಗೆಟ್ಟು ಒಂದು ಬಗೆಯ ಘಮಟು ಹಿಡಿದಿರುತ್ತಿತ್ತು. ಅದರ ರೊಟ್ಟಿಯ ವಾಸನೆ ಬಂದರೆ ಯಾರ ಹಗೇವು ಮುಗಿಯುತ್ತ ಬಂತು ಎಂದು ಓಣಿಗೆಲ್ಲ ಗೊತ್ತಾಗುತ್ತಿತ್ತು. ಆ ಅಂಚಿನ ಜೋಳ ಕೂಲಿಯವರ ಪದರಿಗೆ ಬೀಳುತ್ತಿತ್ತು ಎಂಬುದನ್ನೂ ಮುಚ್ಚಿಡಬಾರದು. ನಮ್ಮ ಆಯಿಯೇ ಹೇಳಿದ್ದು.

ಹಗೇವಿನ ಮಾತು ಬಂದರೆ ಮಂಗಳವೇಡೆಯನ್ನು ಬಿಡುವಂತಿಲ್ಲ. ಕಲಚುರಿಗಳ ಮೊದಲ ರಾಜಧಾನಿ, ಬಿಜ್ಜಳನ ಊರು. ಅಲ್ಲಿನ ದಾಮಾಜಿಪಂತರ ಕತೆ ನೀವೆಲ್ಲ ಕೇಳಿರಬೇಕು. ಬೀದರದ ಬಾದಶಹನ ಕಾಲದಲ್ಲಿ, ಭೀಕರ ಬರ ಬಿದ್ದಾಗ, ಸರಕಾರಿ ಕಣಜಗಳನ್ನು ಅಪ್ಪಣೆಯಿಲ್ಲದೆ ತೆರೆಸಿ ಜನಕ್ಕೆ ಹಂಚಿದ ಅಧಿಕಾರಿ ಅವರು. ಶಿಕ್ಷೆಗೆ ಕರೆ ಬಂದಾಗ ಪಂಢರಪುರದ ವಿಠ್ಠಲ ತಾನೇ ವಿಠೂ ಮಹಾರನ ವೇಷದಲ್ಲಿ ಹೋಗಿ ಹಣ ತುಂಬಿದ ಎಂದು ಭಕ್ತರ ನಂಬಿಕೆ. ಹಣ ತುಂಬಿದವರು ಯಾರೇ ಇರಲಿ, ಕತೆಯ ಜೀವ ಇರುವುದು ಕಣಜದ ಬಾಯಿ ತೆರೆದದ್ದರಲ್ಲಿ. ಆ ಊರಿನ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ.

ಇನ್ನು ರೊಟ್ಟಿಯ ಜೋಡಿಗೆ ಬರೋಣ. ಇದನ್ನು ತೀರ್ಮಾನಿಸುತ್ತಿದ್ದವು ಎರಡು: ಹೊಲದ ಅಕ್ಕಡಿ ಸಾಲು ಮತ್ತು ವಾರದ ಸಂತಿ. ಅಕ್ಕಡಿ ಎಂದರೆ ಜೋಳದ ಸಾಲುಗಳ ನಡುವೆ ಬೇರೆ ಬೆಳೆಯ ಒಂದೆರಡು ಸಾಲು. ತೊಗರಿ, ಕಡಲಿ, ಕುಸುಬಿ, ಅಗಸಿ, ಗುರೆಳ್ಳು. ಹೊಲದ ನಕ್ಷೆಯೇ ಅಡುಗೆಯ ನಕ್ಷೆ. ಎಳೆಯ ಕುಸುಬಿಯ ಎಲೆ ಮಾರ್ಗಶೀರ್ಷದಲ್ಲಿ ಪಲ್ಯ, ಅದರ ಬೀಜ ಮುಂದೆ ಗಾಣಕ್ಕೆ ಹೋಗಿ ಒಗ್ಗರಣೆಯ ಎಣ್ಣೆ. ಅಂಚಿಗೆ ಬಿತ್ತಿದರೆ ಅದರ ಮುಳ್ಳು ದನಗಳಿಗೆ ಬೇಲಿಯೂ ಹೌದು. ಕಡಲಿಯ ಕುಡಿ ಚಿವುಟಿ ಒಣಗಿಸಿಟ್ಟರೆ ಬೇಸಿಗೆಗೆ ಪಲ್ಯ. ಅಗಸಿ, ಗುರೆಳ್ಳು ಹುರಿದು ಕುಟ್ಟಿದರೆ ಚಟ್ನಿ. ಪುಂಡಿ, ಹಕ್ಕರಕಿ ಅಂತೂ ಕೇಳದೆಯೇ ಸಿಗುವಂಥವು.

ಸಂತಿಯ ಲೆಕ್ಕ ಇನ್ನೂ ಸರಳ. ಸಂತಿಯ ರಾತ್ರಿ ಬದನಿಕಾಯಿ ಎಣ್ಣಿಗಾಯಿ. ಮರುದಿನ, ಮೂರನೆಯ ದಿನ ಉಳಿದ ಕಾಯಿಪಲ್ಲೆ. ನಾಲ್ಕನೆಯ ದಿನಕ್ಕೆ ನೆನೆಹಾಕಿದ ಮಡಕಿ ಮೊಳಕೆ ಒಡೆದಿರುತ್ತದೆ. ಆಮೇಲೆ ಖಾರಬ್ಯಾಳಿ. ಕಡೆಯ ದಿನ ಕಡಲಿಹಿಟ್ಟಿನ ಝುಣಕ. ಅದೂ ಬೇಡವೆಂದರೆ ಚಟ್ನಿ, ಉಳ್ಳಾಗಡ್ಡಿ, ಮೇಲೆ ಎಣ್ಣೆ. ಯಾವ ಮನೆಯಲ್ಲಿ ಝುಣಕದ ವಾಸನೆ ಬಂತೋ ನಾಳೆ ಸಂತಿ ಎಂದು ತಿಳಿಯಬಹುದಿತ್ತು. ಕೆಲವು ರಾತ್ರಿ ರೊಟ್ಟಿಯ ಬದಲು ನುಚ್ಚು, ಮಜ್ಜಿಗಿ, ಅದೂ ಜೋಳದ್ದೇ. ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಮರುದಿನ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರರ ಜಾತ್ರೆಯ ಗದ್ದಲ, ಮನೆಯಲ್ಲಿ ಗೋಧಿಯ ಹೋಳಿಗೆ. ಅನ್ನ ಎಂಬುದು ಬೀಗರು ಬಂದಾಗಿನ ಮಾತು.

ಇದೆಲ್ಲ ಅನಾದಿಯಿಂದ ಹೀಗೇ ಇತ್ತು ಎಂದುಕೊಳ್ಳಬೇಡಿರಿ. ನಾವು ಸೊಲ್ಲಾಪುರದ ಶೇಂಗಾ ಹಿಂಡಿ ಎಂದು ಊರೂರಿಗೆ ಕಟ್ಟಿಕೊಡುತ್ತೇವಲ್ಲ, ಅದರೊಳಗಿನ ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದವು. ಮೆಣಸಿನಕಾಯಿ ಪೋರ್ಚುಗೀಜರ ಹಡಗಿನಲ್ಲಿ ಹದಿನಾರನೆಯ ಶತಮಾನದಲ್ಲಿ ಬಂದಿತು. ಶೇಂಗಾ ನಮ್ಮ ಕಡೆ ಹಬ್ಬಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಎಣ್ಣೆಯ ವ್ಯಾಪಾರಕ್ಕೆ. ಸೊನ್ನಲಿಗೆಯ ಕೆರೆ ತೋಡಿದ ಶರಣರು ಹನ್ನೆರಡನೆಯ ಶತಮಾನದಲ್ಲಿ ರೊಟ್ಟಿಯ ಜೋಡಿ ಮೆಣಸಿನಕಾಯಿ ಕಚ್ಚಿರಲಾರರು. ರೊಟ್ಟಿ ಮಾತ್ರ ಅದೇ.

ಆ ರೊಟ್ಟಿಯ ಖಾತ್ರಿ ಮುರಿದದ್ದು ಬರದಲ್ಲಿ. 1876ರಲ್ಲಿ ಹಿಂಗಾರಿಯ ಮಳೆ ಕೈಕೊಟ್ಟಿತು. ಮುಂಬಯಿ ಇಲಾಖೆಯ ಸೊಲ್ಲಾಪುರ, ಕಲಾದಗಿ ಜಿಲ್ಲೆಗಳ ಮೇಲೆ ಅದರ ಪೆಟ್ಟು ಜೋರಾಗಿ ಬಿದ್ದಿತು. ಸರಕಾರ ಕೆಲಸ ತೆರೆಯಿತು, ರಸ್ತೆ, ಕೆರೆ, ಕಲ್ಲು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಕೂಲಿಗೆ ಹೊಸ ಅಳತೆ ಇಟ್ಟ: ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅದರ ಮೇಲೆ ಸ್ವಲ್ಪ ಪುಡಿಕಾಸು. ಒಂದು ಪೌಂಡ್ ಎಂದರೆ 450 ಗ್ರಾಮಿಗಿಂತ ತುಸು ಹೆಚ್ಚು. ನೀವು ಹೆಂಗಸರಾಗಿದ್ದರೆ ಈಗಾಗಲೇ ಮನಸ್ಸಿನಲ್ಲಿ ಲೆಕ್ಕ ಹಾಕಿರುತ್ತೀರಿ. ನಾಲ್ಕು ರೊಟ್ಟಿ, ಬಹಳವಾದರೆ ಐದು. ದಿನವಿಡೀ ಕಲ್ಲು ಒಡೆದವನಿಗೆ, ಎರಡೂ ಹೊತ್ತಿಗೆ ಸೇರಿ. ಜನ ಆ ಕೂಲಿ ಒಲ್ಲೆವೆಂದು ಗುಂಪುಗುಂಪಾಗಿ ಕೆಲಸ ಬಿಟ್ಟು ಹೋದರು. ಇತಿಹಾಸದ ಪುಸ್ತಕಗಳಲ್ಲಿ ಇದನ್ನು ಆಡಳಿತದ ಚರ್ಚೆಯಾಗಿ ಬರೆಯುತ್ತಾರೆ. ಅದು ರೊಟ್ಟಿಯ ಎಣಿಕೆಯ ಜಗಳ.

ಅದೇ 1877ರಲ್ಲಿ ಸೊಲ್ಲಾಪುರದಲ್ಲಿ ಮೊದಲ ಬಟ್ಟೆ ಗಿರಣಿ ಎದ್ದಿತು. ನಾವು ಜೂನೀ ಗಿರಣಿ ಎನ್ನುವುದು ಅದನ್ನೇ. ಬರಕ್ಕೆ ಹಳ್ಳಿ ಬಿಟ್ಟವರು ಗಿರಣಿಯ ಓಣಿ ಸೇರಿದರು. ಅಲ್ಲಿ ರಾತ್ರಿಯ ಊಟದ ಹೊತ್ತನ್ನು ಸೂರ್ಯ ಹೇಳುತ್ತಿರಲಿಲ್ಲ, ಗಿರಣಿಯ ಭೋಂಗಾ ಹೇಳುತ್ತಿತ್ತು. ಹಗೇವು ಇರಲಿಲ್ಲ, ಅಂಗಡಿಯ ಉದ್ರಿ ಖಾತೆ ಇತ್ತು. ಪಾಳಿಗೆ ಹೋಗುವ ಒಂಟಿ ಗಂಡಸರಿಗಾಗಿ ಖಾನಾವಳಿಗಳು ಹುಟ್ಟಿದವು. ಆದರೂ ಗಿರಣಿ ಕೂಲಿಯವನ ಡಬ್ಬಿಯಲ್ಲಿಯೂ ಜೋಳದ ರೊಟ್ಟಿಯೇ. ತಿಂಗಳುಗಟ್ಟಲೆ ಕೆಡದ ಕಡಕ್ ರೊಟ್ಟಿ ಇದ್ದರಂತೂ ಒಲೆಯ ಹಂಗೂ ಇಲ್ಲ.

ಈಗ ನಾನು ಕಣ್ಣಾರೆ ಕಂಡ ಬರದ ಮಾತು. 1972. ಅದಕ್ಕೆ ಹಿಂದಿನ ಎರಡು ವರ್ಷವೂ ಮಳೆ ನೆಟ್ಟಗೆ ಬಂದಿರಲಿಲ್ಲ, ಆ ವರ್ಷ ಪೂರ್ತಿ ಕೈಬಿಟ್ಟಿತು. ನಾನು ಕನ್ನಡ ಶಾಲೆಯಲ್ಲಿ ಆರನೆಯ ಇಯತ್ತೆ. ಮಹಾರಾಷ್ಟ್ರ ಸರಕಾರ ಕೆಲಸ ತೆರೆಯಿತು; 1973ರ ಮೇ ತಿಂಗಳ ಹೊತ್ತಿಗೆ ರಾಜ್ಯದಲ್ಲಿ ಸುಮಾರು 50 ಲಕ್ಷ ಜನ ಆ ಕೆಲಸಗಳ ಮೇಲಿದ್ದರು. ಅದರಲ್ಲಿ ಇಬ್ಬರು ನಮ್ಮಪ್ಪ, ನಮ್ಮವ್ವ. ನಾಲ್ಕೆತ್ತಿನ ಒಕ್ಕಲುತನದ ಮನೆಯವರು ಖಡಿ ಒಡೆಯಲು ಹೋದರು. ಮೊದಲ ದಿನ ಅವ್ವ ಸೆರಗನ್ನು ಮುಖದ ತುಂಬ ಎಳೆದುಕೊಂಡು ಹೋದದ್ದು ನೆನಪಿದೆ. ಎರಡನೆಯ ವಾರಕ್ಕೆ ಹಾಗೆ ಮುಚ್ಚಿಕೊಳ್ಳುವ ತ್ರಾಣ ಉಳಿದಿರಲಿಲ್ಲ. ಕೆಲಸದ ಜಾಗದಲ್ಲಿ ಸುಕಡಿ ಎಂದು ಒಂದು ಸಿಹಿ ಹಿಟ್ಟು ಕೊಡುತ್ತಿದ್ದರು. ಅವ್ವ ತನ್ನ ಪಾಲನ್ನು ಸೆರಗಿನ ತುದಿಗೆ ಕಟ್ಟಿ ನಮಗೆ ತರುತ್ತಿದ್ದಳು.

ರೇಷನ್ ಅಂಗಡಿಗೆ ಮಿಲೋ ಬಂತು. ಅಮೆರಿಕದಿಂದ ಹಡಗಿನಲ್ಲಿ ಬಂದ ಕೆಂಪು ಜೋಳ. ಅವರ ದೇಶದಲ್ಲಿ ಅದು ಹೆಚ್ಚಾಗಿ ದನಗಳ ಮೇವು. ಆಯಿ ಒಂದು ಹಿಡಿ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. “ಇದು ಜ್ವಾಳ ಹೌದು, ನಮ್ದಲ್ಲ” ಎಂದಳು. ಎಸರು ಎಷ್ಟು ಕುದಿಸಿದರೂ ಆ ಹಿಟ್ಟಿಗೆ ಜಿಗಿ ಬರಲಿಲ್ಲ. ರೊಟ್ಟಿ ಹಂಚಿಗೆ ಹಾಕುವ ಮೊದಲೇ ಮೂರು ತುಂಡು. ಅರವತ್ತು ವರ್ಷ ರೊಟ್ಟಿ ಬಡಿದ ಕೈ, ಹರಿದ ರೊಟ್ಟಿಯನ್ನು ಗಂಡಸರ ತಾಟಿಗೆ ಬಡಿಸಲು ನಾಚಿತು. ನಾನಾಗ ಹಸಿದ ಹುಡುಗಿ, ತುಂಡೇನು, ಇಡಿಯದೇನು. ನನಗೆ ಆ ನಾಚಿಕೆ ತಿಳಿಯಲಿಲ್ಲ.

ಒಂದು ವಾರ ಮಿಲೋ ಕೂಡ ಬರಲಿಲ್ಲ. ಕೆಲಸದ ಪಗಾರವೂ ತಡವಾಗಿತ್ತು. ಅವತ್ತು ಸಂಜೆ ಅವ್ವ ಕೆಲಸದಿಂದ ಬಂದು, ಕೈಕಾಲು ತೊಳೆಯದೆ, ಹೊಸ್ತಿಲ ಮೇಲೆ ಕೂತು ಕೇಳಿದಳು: “ಅತ್ತಿ, ರಾತ್ರಿಗಿ ಏನ್ ಮಾಡ್ಲಿ?”

ನಮ್ಮ ಮನೆಯಲ್ಲಿ ಆ ಮಾತನ್ನು ನಾನು ಮೊದಲ ಸಲ ಕೇಳಿದ್ದು ಅವತ್ತು.

ಆಯಿ ಉತ್ತರ ಕೊಡಲಿಲ್ಲ. ಒಳಗೆ ಹೋಗಿ ಬೀಜದ ಗಡಿಗೆ ತಂದಳು. ನಮ್ಮ ಹಗೇವಿನ ಕಡೆಯ ಜೋಳದಲ್ಲಿ ಗಟ್ಟಿ ತೆನೆಯದನ್ನು ಆರಿಸಿ, ಬೂದಿ ಬೆರೆಸಿ, ಬಾಯಿಗೆ ಮಣ್ಣು ಮೆತ್ತಿ ಇಟ್ಟಿದ್ದ ಮಾಲದಂಡಿ. ಅಪ್ಪ ಬೇಡವೆಂದು ಕೈ ಅಡ್ಡ ಹಿಡಿದ. “ಬೀಜಾ ತಿಂದ ಮ್ಯಾಲ ಮುಂದ?” ಎಂದ. ಆಯಿ ಆತನ ಕೈ ಸರಿಸಿ ಮಣ್ಣು ಒಡೆದಳು. ಒಂದು ಸೇರು ಅಳೆದು ತೆಗೆದು, ಆಗಲೇ ಹಸಿ ಮಣ್ಣು ಕಲಸಿ ಬಾಯಿ ಮತ್ತೆ ಮೆತ್ತಿದಳು. “ಇಷ್ಟ ಅಂದ್ರ ಇಷ್ಟ” ಎಂದಳು. ಒಂದು ಸೇರು ಜೋಳ, ಏಳು ಜನ. ರೊಟ್ಟಿ ಮಾಡಿದರೆ ಎಣಿಸಬೇಕಾಗುತ್ತದೆ, ಎಣಿಸಿದರೆ ಯಾರದೋ ಪಾಲು ಕಡಿಮೆ ಕಾಣುತ್ತದೆ. ಆದ್ದರಿಂದ ನುಚ್ಚು ಒಡೆದು, ನೀರು ಹೆಚ್ಚಿಟ್ಟು ಕುದಿಸಿದರು. ನಾವು ಮಕ್ಕಳು, ಅಪ್ಪ, ಅಜ್ಜ ಉಂಡೆವು. ಅವರಿಬ್ಬರೂ ತಿಳಿ ಗಂಜಿ ಕುಡಿದದ್ದನ್ನು ನಾನು ಚಾಪೆಯ ಮೇಲಿನಿಂದ, ನಿದ್ದೆ ಬಂದವಳಂತೆ ಮಲಗಿ, ನೋಡಿದೆ. ಮನೆಯ ಹೆಂಗಸು ಕಡೆಗೆ ಉಣ್ಣುವುದು ಎಂಬ ರೂಢಿಯನ್ನು ಕೆಲವರು ಸಂಸ್ಕೃತಿ ಎಂದು ಹೊಗಳುತ್ತಾರೆ. ಆ ರೂಢಿ ಬರದಲ್ಲಿ ಏನು ಮಾಡುತ್ತದೆ ಎಂಬುದನ್ನು ಅವರು ನೋಡಿಲ್ಲ.

1973ರಲ್ಲಿ ಮಳೆ ಬಂತು. ಗಡಿಗೆಯಲ್ಲಿ ಉಳಿದದ್ದರ ಜೊತೆಗೆ ಕಡ ತಂದದ್ದನ್ನು ಸೇರಿಸಿ ಬಿತ್ತಿದೆವು. ಹಗೇವು ಮಾತ್ರ ಮತ್ತೆ ತುಂಬಲಿಲ್ಲ. ಅದರ ಬಾಯಿಗೆ ಕಲ್ಲು ಹಾಕಿ, ಮೇಲೆ ಅಂಗಳ ಸಾರಿಸಿಬಿಟ್ಟೆವು.

ಬರಗಾಲದ ಆ ಕೆಲಸಗಳಿಂದಲೇ ರೋಜಗಾರ ಹಮಿ ಯೋಜನೆ ಬೆಳೆಯಿತು, 1977ರಲ್ಲಿ ಅದಕ್ಕೆ ಕಾಯದೆ ಆಯಿತು. 2005ರ ದೇಶದ ಉದ್ಯೋಗ ಖಾತ್ರಿ ಕಾಯದೆಗೆ ಅದು ದಾರಿ ತೋರಿಸಿತು. ಇದು ಒಳ್ಳೆಯದೇ ಆಯಿತು. ಆದರೆ ಒಲೆಯ ಮೇಲೆ ಬೇರೆ ಬದಲಾವಣೆ ನಡೆದಿತ್ತು. 1964ರಲ್ಲಿಯೇ ಬಂದಿದ್ದ ಹಾಯ್‌ಬ್ರಿಡ್ ಜೋಳ ಮುಂಗಾರಿ ಹೊಲಗಳಿಗೆ ಹಬ್ಬಿತು. ಇಳುವರಿ ಜಾಸ್ತಿ, ರುಚಿ ಕಡಿಮೆ. ಮಾರುವುದಕ್ಕೆ ಅದು, ಉಣ್ಣುವುದಕ್ಕೆ ಮಾಲದಂಡಿ ಎಂದು ಜನ ಎರಡು ಖಾತೆ ಮಾಡಿಕೊಂಡರು. 1980ರಲ್ಲಿ ಭೀಮಾ ನದಿಗೆ ಉಜನಿ ಅಣೆಕಟ್ಟು ಮುಗಿಯಿತು. ನೀರು ಬಂದಲ್ಲಿ ಕಬ್ಬು ಬಂತು. ಕಬ್ಬಿನ ಹೊಲದಲ್ಲಿ ಅಕ್ಕಡಿ ಸಾಲಿಗೆ ಜಾಗ ಎಲ್ಲಿ? ರೊಕ್ಕ ಬಂತು, ಕುಸುಬಿ ಪಲ್ಯ ಹೋಯಿತು. ನೀರಿಲ್ಲದ ಹೊಲದಲ್ಲಿಯೂ ಹಿಂಗಾರಿ ಜೋಳ ಕೀಳಲು ಆಳು ಸಿಗುವುದಿಲ್ಲ. ಬೇರು ಸಹಿತ ಕೈಯಿಂದ ಕೀಳುವ ಕೆಲಸ ಅದು, ಅಂಗೈ ಬೊಬ್ಬೆ ಏಳುತ್ತದೆ. ಯಾರಿಗೆ ಬೇಕು?

ರೇಷನ್ನಿನಲ್ಲಿ ಗೋಧಿ, ಅಕ್ಕಿ ನಿಯಮಿತವಾಗಿ ಬರತೊಡಗಿದವು. 2013ರ ಆಹಾರ ಭದ್ರತೆ ಕಾಯದೆಯಲ್ಲಿ ಅಕ್ಕಿ ಕಿಲೋಗೆ 3 ರೂಪಾಯಿ, ಗೋಧಿ 2, ಜೋಳದಂಥ ಒರಟು ಧಾನ್ಯ 1 ರೂಪಾಯಿ ಎಂದು ಬರೆದರು. 2023ರ ಜನವರಿಯಿಂದ ಅದೂ ಪುಕ್ಕಟೆ. ಕಾಯದೆಯಲ್ಲಿ ಜೋಳ ಎಲ್ಲಕ್ಕಿಂತ ಅಗ್ಗ. ನಮ್ಮ ಓಣಿಯ ಚೀಲಗಳಲ್ಲಿ ಮಾತ್ರ ಬಂದದ್ದು ಬಹುತೇಕ ಅಕ್ಕಿ, ಗೋಧಿಯೇ. ಪೇಟೆಯಲ್ಲಿ ಒಳ್ಳೆಯ ಮಾಲದಂಡಿ ಇತ್ತೀಚಿನ ವರ್ಷಗಳಲ್ಲಿ ಗೋಧಿಗಿಂತ ತುಟ್ಟಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು, ದೊಡ್ಡ ಹೋಟೆಲುಗಳ ಪಟ್ಟಿಯಲ್ಲಿ ಜೋಳ ಬಂತು. ಸಕ್ಕರೆ ಕಾಯಿಲೆಯವರಿಗೆ ಡಾಕ್ಟರರು ರೊಟ್ಟಿ ತಿನ್ನಿರಿ ಎಂದು ಚೀಟಿ ಬರೆಯುತ್ತಾರೆ. ಹಿಂದೆ ಬಡವರು ರೊಟ್ಟಿ ಉಂಡು ಅನ್ನಕ್ಕೆ ಹಂಬಲಿಸುತ್ತಿದ್ದರು. ಈಗ ನಮ್ಮೂರಿನಲ್ಲಿ ಕೂಲಿಯವರ ಮನೆಯಲ್ಲಿ ರಾತ್ರಿ ಅನ್ನ, ಸೊಲ್ಲಾಪುರದ ಬಂಗಲೆಗಳಲ್ಲಿ ಜೋಳದ ರೊಟ್ಟಿ. ನಮ್ಮ ಆಯಿ ಇದನ್ನು ಕೇಳಿದ್ದರೆ ನಗುತ್ತಿದ್ದಳೋ ಬಯ್ಯುತ್ತಿದ್ದಳೋ.

ನೀವು ಈ ಮಾತು ಕೇಳಿ ನಾಳೆಯಿಂದ ರೊಟ್ಟಿಯನ್ನೇ ಮಾಡಿರಿ ಎಂದು ನಾನು ಹೇಳಹೊರಟಿಲ್ಲ. ಬೀಸುವ ಕಲ್ಲು, ಹೊಗೆ, ಎಣಿಕೆಯ ರೊಟ್ಟಿ, ಇವುಗಳಿಂದ ಹೆಣ್ಣುಮಕ್ಕಳು ಪಾರಾದದ್ದು ಸಣ್ಣ ಮಾತಲ್ಲ. ನನ್ನ ಸೊಸೆ ತೋಚದೆ ಕೇಳುವ ಪ್ರಶ್ನೆಯನ್ನು ನಮ್ಮವ್ವ ಏನೂ ಇಲ್ಲದೆ ಕೇಳಿದ್ದಳು. ಮಾತು ಒಂದೇ ಇರುವುದರಿಂದ ನನಗೆ ಪ್ರತಿ ಸಂಜೆ ಅರೆಕ್ಷಣ ಎದೆ ಹಿಡಿದಂತಾಗುತ್ತದೆ, ಅಷ್ಟೇ.

ಮೊನ್ನೆಯೂ ಫೋನು ಬಂತು. “ಜ್ವಾಳದ ಹಿಟ್ಟ್ ಅದ ಏನು?” ಎಂದೆ. ಅಂಗಡಿಯ ಪಾಕೀಟು ಇದೆಯಂತೆ, ತಂದು ಎರಡು ತಿಂಗಳಾಯಿತಂತೆ, ರೊಟ್ಟಿ ಬಡಿದರೆ ಹರಿಯುತ್ತದಂತೆ. “ಹಳೀ ಹಿಟ್ಟಿನ ರೊಟ್ಟಿ ಆಗಂಗಿಲ್ಲವ್ವಾ. ಮೊದ್ಲ ಬಾಯಾಗ ಹಾಕಿ ನೋಡು, ಕಹಿ ಇದ್ರ ಚೆಲ್ಲು. ಇಲ್ಲಂದ್ರ ಧಪಾಟಿ ಮಾಡು. ಕಡ್ಲಿಹಿಟ್ಟು ಒಂದೀಟು, ಗೋಧಿಹಿಟ್ಟು ಒಂದೀಟು ಕೂಡಸು, ಉಳ್ಳಾಗಡ್ಡಿ ಸಣ್ಣಗ ಹೆಚ್ಚಿ ಹಾಕು, ಎಳ್ಳು, ಖಾರ, ಕೊತ್ತಂಬ್ರಿ. ಹಸೀ ಅರಬಿ ಮ್ಯಾಲ ತಟ್ಟಿ ಹಂಚಿಗಿ ಹಾಕು” ಎಂದೆ.

ಅರ್ಧ ತಾಸು ಬಿಟ್ಟು ಮತ್ತೆ ಫೋನು ಬಂತು.

“ಅತ್ತಿ, ಹರೀಲಿಲ್ರಿ.”